ಪುಸ್ತಕದ ಹೆಸರು, ನೆಲದ ಹಕ್ಕು

ಖಾತೆ ಬದಲಾವಣೆಯ ಅರ್ಜಿ ವಜಾ ಆದ ದಿನ ನಮ್ಮ ಜನ ಹೊಲವೇ ಹೋಯ್ತು ಅಂದುಕೊಳ್ತಾರೆ. ಹೋಗಿಲ್ಲ. ಮ್ಯುಟೇಶನ್ ಅನ್ನೋದು ಕಂದಾಯದ ಲೆಕ್ಕ. ಅದು ಒಡೆತನ ಕೊಡೋದೂ ಇಲ್ಲ, ಕಸಿಯೋದೂ ಇಲ್ಲ ಎಂದು 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಹಾಗಾದರೆ ನಾವು ಕೇಳುತ್ತೇವೆ: ಪಹಣಿಯಲ್ಲಿ ಹೆಸರಿಲ್ಲದವನಿಗೆ ಸೊಸೈಟಿ ಸಾಲ ಕೊಡುತ್ತದೆಯೇ? ಬೆಳೆ ಪರಿಹಾರ ಬರುತ್ತದೆಯೇ? 1964ರ ಭೂಕಂದಾಯ ಕಾಯಿದೆಯ 133ನೇ ಕಲಮು, ಸುಳ್ಳೆಂದು ಸಾಬೀತಾಗುವವರೆಗೆ ದಾಖಲೆಯಲ್ಲಿ ಬರೆದದ್ದೇ ನಿಜ ಎನ್ನುತ್ತದೆ. ಬರೆಯುವವನ ಮಾತಿಗೆ ಸಾಕ್ಷಿ ಬೇಡ, ಉಳುವವನ ಬೆವರಿಗೆ ಸಾಕ್ಷಿ ಬೇಕು! ತಲೆಮಾರುಗಟ್ಟಲೆ ಅಕ್ಷರದಿಂದ ದೂರ ಇಟ್ಟವರಿಗೇ ಈಗ 'ಕಾಗದ ತೋರಿಸು' ಅನ್ನೋದು ಯಾವ ನ್ಯಾಯ?

ಆದರೂ ಕಾಗದ ಅವರದು ಅಂತ ಬಿಟ್ಟು ಬಂದರೆ ನೆಲವನ್ನೂ ಬಿಟ್ಟಂತೆ. ವಜಾ ಆದೇಶದ ನಕಲು ಪಡೆಯಬೇಕು. 136ನೇ ಕಲಮಿನಂತೆ 60 ದಿನದೊಳಗೆ ಅಸಿಸ್ಟೆಂಟ್ ಕಮಿಷನರಿಗೆ ಅಪೀಲು. ಸೋತರೆ ಡೆಪ್ಯುಟಿ ಕಮಿಷನರ ಮುಂದೆ ರಿವಿಜನ್. ಹಕ್ಕೇ ತಕರಾರಾದರೆ ಸಿವಿಲ್ ಕೋರ್ಟಿನಲ್ಲಿ ಹಕ್ಕು ಘೋಷಣೆಯ ದಾವೆ. ಗೆದ್ದರೆ ದಾಖಲೆಯನ್ನ ಅದರಂತೆ ತಿದ್ದಲೇಬೇಕು. ದಲಿತರಿಗೆ ಮಂಜೂರಾದ ಜಮೀನು ನಿಯಮ ಮುರಿದು ಪರರ ಪಾಲಾಗಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯಿದೆ ಇದೆ, 'ತಡವಾಯ್ತು' ಎನ್ನುವ ಅಡ್ಡಗೋಡೆ ಕೆಡವಲೆಂದೇ 2023ರಲ್ಲಿ ಅದಕ್ಕೆ ತಿದ್ದುಪಡಿ ಬಂತು.

ಕೋರ್ಟು ಕೊಡೋದು ತೀರ್ಪು. ನ್ಯಾಯ ಬೇಕಾದರೆ ಆ ಮೆಟ್ಟಿಲಿಗೆ ಒಬ್ಬನೇ ಹೋಗಬಾರದು, ಕೇರಿಯೇ ಹೋಗಬೇಕು. ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಓದು ಬಾರದ ಅಪ್ಪನಿಗೆ ಅವನ ಪಹಣಿ ಓದಿ ಹೇಳುವುದೂ ಬಂಡಾಯವೇ.