ಧೈರ್ಯವೂ ಒಂದು ಬಿಡಿಭಾಗವೇ?

ಅಮೆರಿಕದ ಅಂತರ್ಯುದ್ಧದ ನಡುವೆ, 1863ರಲ್ಲಿ, ದಕ್ಷಿಣದ ರಾಜ್ಯಗಳ ಪರವಾಗಿ ಮೊಬೀಲ್ ಬಂದರಿನಲ್ಲಿ ಕಟ್ಟಿದ 'ಎಚ್.ಎಲ್. ಹನ್ಲಿ' ಜಲಾಂತರ್ಗಾಮಿಗೆ ಎಂಜಿನ್ನೇ ಇರಲಿಲ್ಲ. ಸುಮಾರು 40 ಅಡಿ ಉದ್ದದ, ಒಳಗೆ ನೆಟ್ಟಗೆ ನಿಲ್ಲಲೂ ಆಗದ ಕಬ್ಬಿಣದ ಕೊಳವೆ ಅದು. ಮೇಣದಬತ್ತಿಯ ಬೆಳಕಿನಲ್ಲಿ ಏಳು ಜನ ಸಾಲಾಗಿ ಕೂತು ಕ್ರ್ಯಾಂಕ್ ತಿರುಗಿಸಿದರೆ ಹಿಂದಿನ ಪ್ರೊಪೆಲರ್ ತಿರುಗುತ್ತಿತ್ತು. ಎಂಟನೆಯವನು ಮುಂದೆ ಕೂತು ದಾರಿ ನೋಡುತ್ತಿದ್ದ. 1864ರ ಫೆಬ್ರವರಿ 17ರ ರಾತ್ರಿ ಅದು ಚಾರ್ಲ್ಸ್‌ಟನ್ ಬಂದರಿನಾಚೆ ಉತ್ತರದವರ 'ಹೂಸಟಾನಿಕ್' ಯುದ್ಧನೌಕೆಯನ್ನು ಮುಳುಗಿಸಿತು, ತಾನೂ ಮರಳಲಿಲ್ಲ. ಯುದ್ಧದಲ್ಲಿ ಶತ್ರುವಿನ ನೌಕೆ ಮುಳುಗಿಸಿದ ಮೊದಲ ಜಲಾಂತರ್ಗಾಮಿ ಎಂದು ಚರಿತ್ರೆ ಅದನ್ನು ಹೊಗಳುತ್ತದೆ. ಹೂಸಟಾನಿಕ್‌ನಲ್ಲಿ ಸತ್ತವರು 5 ಜನ. ಮೂರು ಬಾರಿ ಮುಳುಗಿದ ಹನ್ಲಿ ಬಲಿ ತೆಗೆದುಕೊಂಡ ತನ್ನದೇ ಜನ 21. ಈ ಹೊಗಳಿಕೆಯ ಬಗ್ಗೆಯೇ ನನ್ನ ತಕರಾರು. ಯಂತ್ರದ ಕೊರತೆಯನ್ನು ಮನುಷ್ಯರ ಧೈರ್ಯದಿಂದ ತುಂಬಿಸಿ, ಆಮೇಲೆ ಆ ಧೈರ್ಯವನ್ನು ಕೊಂಡಾಡಿದರೆ, ಕಟ್ಟಿದವರ ಮತ್ತು ಕಳಿಸಿದವರ ಹೊಣೆ ಮರೆಯಾಗುತ್ತದೆ.

ಎರಡನೆಯ ಅವಘಡವನ್ನೇ ನೋಡೋಣ. 1863ರ ಅಕ್ಟೋಬರ್ 15ರಂದು ದೋಣಿಗೆ ಹಣ ಹಾಕಿದ್ದ ಹೊರೇಸ್ ಹನ್ಲಿ ತಾನೇ ಮುಂದೆ ಕೂತು ಅಭ್ಯಾಸಕ್ಕೆ ಹೊರಟ. ಎಂಟು ಮಂದಿಯೂ ಸತ್ತರು. ಮೇಲೆತ್ತಿದಾಗ, ದೋಣಿಯನ್ನು ನೀರೊಳಗೆ ಇಳಿಸಲು ಮುಂದಿನ ಟ್ಯಾಂಕಿಗೆ ನೀರು ಬಿಡುವ ವಾಲ್ವ್ ತೆರೆದೇ ಇತ್ತು. ಮುಚ್ಚಲು ಮರೆತಿದ್ದು ಮನುಷ್ಯನ ತಪ್ಪು ಎಂದುಬಿಡುವುದು ಸುಲಭ. ಆದರೆ ಆ ಟ್ಯಾಂಕಿನ ಮೇಲ್ಭಾಗಕ್ಕೆ ಪೂರ್ತಿ ಮುಚ್ಚಳವಿರಲಿಲ್ಲ. ತುಂಬಿದ ನೀರು ಉಕ್ಕಿ ಜನ ಕೂತ ಜಾಗಕ್ಕೇ ನುಗ್ಗುತ್ತಿತ್ತು. ಕತ್ತಲು, ದಣಿವು, ಕೆಟ್ಟ ಗಾಳಿಯ ನಡುವೆ ಮರೆವು ಸಹಜ. ಒಂದು ಮರೆವಿಗೆ ಎಂಟು ಜೀವಗಳ ಬೆಲೆ ಕಟ್ಟಿಟ್ಟ ವಿನ್ಯಾಸ ಮಾತ್ರ ಸಹಜವಲ್ಲ, ಅದು ಯಾರೋ ಮಾಡಿದ ಆಯ್ಕೆ.

ಅವರು ತಾವಾಗಿಯೇ ಮುಂದೆ ಬಂದರಲ್ಲ ಎನ್ನಬಹುದು. ನಿಜ, ಲೆಫ್ಟಿನೆಂಟ್ ಜಾರ್ಜ್ ಡಿಕ್ಸನ್‌ನ ಕೊನೆಯ ತಂಡಕ್ಕೆ ಹಿಂದೆ 13 ಜನ ಸತ್ತದ್ದು ಗೊತ್ತಿತ್ತು. ಆದರೆ ಒಬ್ಬನ ಒಪ್ಪಿಗೆ ಅವನನ್ನು ಬಲವಂತದಿಂದ ಬಿಡಿಸುತ್ತದೆಯೇ ಹೊರತು ಕಳಿಸುವವನನ್ನು ಹೊಣೆಯಿಂದ ಬಿಡಿಸುವುದಿಲ್ಲ. ಹನ್ಲಿ ತಾನೂ ಪ್ರಾಣ ಕೊಟ್ಟದ್ದು ಅವನ ಪ್ರಾಮಾಣಿಕತೆಗೆ ಸಾಕ್ಷಿ. ದೋಣಿ ಸರಿಯಿತ್ತು ಎಂಬುದಕ್ಕಲ್ಲ. ಉತ್ತರದವರ ನೌಕಾ ದಿಗ್ಬಂಧನದಿಂದ ಉಸಿರುಗಟ್ಟಿದ್ದ ದಕ್ಷಿಣಕ್ಕೆ ಬೇರೆ ದಾರಿಯಿರಲಿಲ್ಲ ಎಂಬ ವಾದವೂ ಇದೆ. ಗುಲಾಮಗಿರಿ ಉಳಿಸಿಕೊಳ್ಳಲು ಹೂಡಿದ ಯುದ್ಧದ ಅನಿವಾರ್ಯತೆ ಯಾರ ಪ್ರಾಣಕ್ಕೂ ನ್ಯಾಯವಾದ ಬೆಲೆಯಾಗಲಾರದು.

ಈ ಬಲಿದಾನದಿಂದಲೇ ಮುಂದಿನ ಜಲಾಂತರ್ಗಾಮಿಗಳು ಹುಟ್ಟಿದವು ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಆದರೆ ಜಲಾಂತರ್ಗಾಮಿಯೊಂದು ಮತ್ತೆ ಯುದ್ಧನೌಕೆಯನ್ನು ಮುಳುಗಿಸಿ ಜೀವಂತ ಮರಳಿದ್ದು 1914ರಲ್ಲಿ. ಅದಕ್ಕೆ ದಾರಿ ಮಾಡಿದ್ದು ಎಂಜಿನ್, ಬ್ಯಾಟರಿ, ತಾನೇ ಚಲಿಸುವ ಟಾರ್ಪೆಡೊ. ಹನ್ಲಿ ತನ್ನ ಸಿಡಿಮದ್ದನ್ನು ಮೂತಿಯ ಉದ್ದ ಕೋಲಿಗೆ ಕಟ್ಟಿಕೊಂಡು ಹೋಗಿತ್ತು. ಪ್ರಯೋಗವೆಂದರೆ ಸೋಲಿನಿಂದ ಕಲಿಯುವುದು. ಕೊನೆಯ ರಾತ್ರಿ ಏನಾಯಿತೆಂದು ಹೇಳಲು ಒಬ್ಬನೂ ಉಳಿಯಲಿಲ್ಲ.

2000ದ ಆಗಸ್ಟ್‌ನಲ್ಲಿ ದೋಣಿಯನ್ನು ಮೇಲೆತ್ತಿದರು. ಒಳಗಿನ ಅಸ್ಥಿಗಳು ಬಹುಮಟ್ಟಿಗೆ ಅವರವರು ಕೂತ ಜಾಗದಲ್ಲೇ, ಕ್ರ್ಯಾಂಕಿನ ಉದ್ದಕ್ಕೂ ಸಿಕ್ಕವು. ಆ ಮನುಷ್ಯರಿಗೆ ತಲೆಬಾಗೋಣ. ಅವರು ಜಾಗ ಬಿಡಲಿಲ್ಲ; ಅವರನ್ನು ವಾಪಸು ಕರೆತರುವ ಕೆಲಸ ಯಾರದಾಗಿತ್ತು ಎಂದೂ ಅಲ್ಲೇ ನಿಂತು ಕೇಳೋಣ.