ಕೀಲಿಕೈ ಅವಳದು, ಕೀಲಿ ಯಾರದು?

ಗುಟ್ಟು ಇಟ್ಟುಕೊಳ್ಳುವ ಹಕ್ಕು ಯಾರಿಗಿದೆ? ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಬೇಕೆಂದು ಧರ್ಮಸೂತ್ರ ಬರೆದಿಟ್ಟ ನಾಡಿನಲ್ಲಿ ಈ ಪ್ರಶ್ನೆ ಹೊಸದಲ್ಲ. ಈಗ ಅದು ಫೋನಿನೊಳಗೆ ಬಂದು ಕೂತಿದೆ.

ಯಮನೂರ ಜಾತ್ರ್ಯಾಗ ಕಾಯಿ ಮಾರಾಕಿನೂ ಈಗ ಫೋನಿನಲ್ಲೇ ರೊಕ್ಕ ತಗೊಳ್ಳುತ್ತಾಳೆ. ಆ ರೊಕ್ಕದ ಸುದ್ದಿಯನ್ನು ದಾರಿಯಲ್ಲಿ ಯಾರೂ ಓದದ ಹಾಗೆ ಕಲಸಿ ಕಳಿಸುವುದು ಗೂಢಲಿಪಿ ತಂತ್ರಾಂಶ. ಕಲಸುವ ರೀತಿ ಕೀಲಿ. ತಿರುಗಿ ಬಿಡಿಸುವ ಗುಪ್ತ ಅಂಕಿ ಕೀಲಿಕೈ. ಕೀಲಿಕೈ ಗುಟ್ಟಾಗಿರಬೇಕು, ತಕರಾರಿಲ್ಲ. ಕೀಲಿ ಮಾಡಿದ ರೀತಿಯೂ ಗುಟ್ಟಾಗಿರಬೇಕೇ?

ಕಂಪನಿಗಳಿಗೆ ಎರಡು ದಾರಿ. ಒಂದು ಪೇಟೆಂಟು: ವಿದ್ಯೆಯನ್ನು ಬರೆದು ಜಗತ್ತಿಗೆ ತೋರಿಸು, ಗೊತ್ತಾದ ಅವಧಿಯವರೆಗೆ ಬಾಡಿಗೆ ತಿನ್ನು. ಅಮೆರಿಕದಲ್ಲಿ 1983ರಲ್ಲಿ ಪೇಟೆಂಟಾದ ಆರ್‌ಎಸ್‌ಎ ವಿಧಾನ 2000ದಲ್ಲಿ ಎಲ್ಲರದಾಯಿತು. ನಮ್ಮ ಕಾಯಿದೆ ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟು ಕೊಡುವುದಿಲ್ಲ. ಇನ್ನೊಂದು ವ್ಯಾಪಾರದ ಗುಟ್ಟು: ಯಾರಿಗೂ ಹೇಳಬೇಡ, ಬಯಲಾಗುವ ತನಕ ನಿನ್ನದೇ. 1987ರಲ್ಲಿ ಹುಟ್ಟಿದ ಆರ್‌ಸಿ4 ಹೀಗೆ ಮುಚ್ಚಿಟ್ಟದ್ದು. 1994ರಲ್ಲಿ ಯಾರೋ ಬಯಲಿಗಿಟ್ಟರು. ಆಮೇಲೆ ಪರೀಕ್ಷಿಸಿದವರು ಒಂದೊಂದೇ ಬಿರುಕು ತೋರಿಸುತ್ತ ಹೋದರು. 2015ರಲ್ಲಿ ಅಂತರ್ಜಾಲದ ಸುರಕ್ಷಿತ ಸಂಪರ್ಕದಿಂದ ಅದನ್ನು ಹೊರಗಿಟ್ಟರು.

ಬಡವರೂ ಗುಟ್ಟು ಇಟ್ಟುಕೊಂಡಿಲ್ಲವೇ ಎಂದು ಕೇಳಬಹುದು. ಇಟ್ಟುಕೊಂಡಿದ್ದಾರೆ. ಪಕ್ಕದ ನವಲಗುಂದದಲ್ಲಿ ಜಮಖಾನೆ ನೇಯುವ ಮುಸ್ಲಿಂ ಹೆಣ್ಣುಮಕ್ಕಳ ಮನೆಗಳಲ್ಲಿ, ಲಗ್ನವಾಗಿ ಹೋಗುವ ಮಗಳಿಗೆ ಕಸುಬು ಕಲಿಸಬಾರದು, ಮನೆಗೆ ಬರುವ ಸೊಸೆಗೆ ಕಲಿಸಬೇಕು ಎಂಬ ಕಟ್ಟು ಇತ್ತೆನ್ನುತ್ತಾರೆ. ಅದು ಅನ್ನದ ಗುಟ್ಟು. ಅದಕ್ಕೂ ಬೆಲೆ ತೆತ್ತವಳು ಮಗಳೇ. ಆದರೆ ಕೊಂಡವನಿಗೆ ಮೋಸವಿಲ್ಲ. ಜಮಖಾನೆ ಹಾಸಿ, ಕೈಯಾಡಿಸಿ, ಗಟ್ಟಿಯೋ ಜಾಳೋ ಎಂದು ಅವನೇ ನೋಡುತ್ತಾನೆ. ಕೀಲಿ ಹಾಗಲ್ಲ. ಅದು ಜಾಳೆಂದು ತಿಳಿಯುವುದು ಕಳವಾದ ಮೇಲೆ. ಅದಕ್ಕೇ ಜಮಖಾನೆಯ ಗುಟ್ಟಿಗೂ ಕಂಪನಿಯ ಗುಟ್ಟಿಗೂ ಒಂದೇ ನ್ಯಾಯ ಸಲ್ಲದು.

ಕೀಲಿಯ ರಚನೆ ಶತ್ರುವಿನ ಕೈಗೆ ಸಿಕ್ಕರೂ ಕೇಡಾಗಬಾರದು ಎಂದು ಕೆರ್ಕಾಫ್ಸ್ 1883ರಲ್ಲೇ ವಾದಿಸಿದ. ಅದು ಸೈನ್ಯದ ಸಲುವಾಗಿ ಹೇಳಿದ ಮಾತು. ನಾವದನ್ನು ಜನರ ಸಲುವಾಗಿ ಕೇಳಬೇಕು. 'ನಂಬು, ಕೇಳಬೇಡ' ಎನ್ನುವುದು ಪುರೋಹಿತನ ಹಳೇ ವರಸೆ. ಕಂಪನಿ ಹೇಳಿದರೂ ಅದು ಅದೇ.

ಪೇಟೆಂಟು ಬಾಡಿಗೆ ಕೇಳುತ್ತದೆ. ಬಡವರ ಹುಡುಗರು ಅಲ್ಲೂ ಬಾಗಿಲ ಹೊರಗೇ. ಆದರೂ ಬರೆದಿಟ್ಟದ್ದನ್ನು ಓದಬಹುದು, ತಪ್ಪು ಹಿಡಿಯಬಹುದು. ಗುಟ್ಟು ಅಷ್ಟನ್ನೂ ಕೊಡದು. ಆದ್ದರಿಂದ ಜನರ ರೊಕ್ಕ, ಜನರ ಮಾತು ಕಾಯುವ ಕೀಲಿಯ ರೀತಿ ಬಾಡಿಗೆಯೂ ಇಲ್ಲದೆ ಬಯಲಿನಲ್ಲಿರಲಿ. ಕೀಲಿಕೈ ಕಾಯಿ ಮಾರಾಕಿಯ ಸೆರಗಿನ ಗಂಟಿನಲ್ಲಿರಲಿ. ಕೀಲಿ ಬಿಚ್ಚಿ ನೋಡುವ ಹಕ್ಕು ಅವಳ ಮಗಳಿಗೂ ಇರಲಿ, ಬಿಚ್ಚುವ ಗಣಿತ ಅವಳ ಸಾಲಿಯಲ್ಲೂ ಸಿಗಲಿ.