ಪಟ್ಟಿಯಲ್ಲಿದ್ದ ಹೆಸರು



ಕಳೆದ ಭಾನುವಾರ ಮೆತ್ತಾ ಭಾವನೆಯ ಬಗ್ಗೆ ಮಾತಾಡುವಾಗ ನಮ್ಮಲ್ಲಿ ಒಬ್ಬರು ಕೇಳಿದ ಪ್ರಶ್ನೆ ನಿಮಗೆ ನೆನಪಿರಬಹುದು. "ನಮ್ಮನ್ನು ತುಳಿದವರ ಮೇಲೂ ಮೈತ್ರಿ ಇರಲಿ ಅಂದರೆ, ಹೋರಾಟ ಬಿಟ್ಟುಬಿಡಿ ಅಂತಲೇ ಅರ್ಥ ಅಲ್ಲವೇ?" ಹೊತ್ತಾಗಿದ್ದರಿಂದ ಉತ್ತರ ಅರ್ಧಕ್ಕೆ ನಿಂತಿತು. ಇವತ್ತು ಬರೆಯುವ ಸರದಿ ನನ್ನದು. ಈ ವಿಷಯದಲ್ಲಿ ನನಗೆ ಪಾಠ ಕಲಿಸಿದವರು ಒಬ್ಬ ಕ್ರೈಸ್ತ ಸಹೋದ್ಯೋಗಿ. ಬೌದ್ಧ ಬಳಗದಲ್ಲಿ ಚರ್ಚಿನ ಮಾತೇಕೆ ಎಂದು ಬೇಸರಿಸದೆ ಕೊನೆಯವರೆಗೆ ಓದಬೇಕಾಗಿ ವಿನಂತಿ.

ಹಲವು ವರ್ಷಗಳ ಹಿಂದಿನ ಮಾತು. ನಾನು ಆಗ ಬೇರೊಂದು ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಬಿಸಿಯೂಟಕ್ಕೆ ಹೊಸದಾಗಿ ಅಡುಗೆಯವರೊಬ್ಬರು ಬಂದರು. ನಮ್ಮ ಜನ. ಎರಡನೇ ವಾರಕ್ಕೇ ಕೆಲವು ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದರು, ಇನ್ನು ಕೆಲವರು ಮಧ್ಯಾಹ್ನ ಮನೆಗೆ ಓಡತೊಡಗಿದರು. ಹಾಲಿನ ಲೋಟ ಮಾತ್ರ ಹಿಡಿದು ಅನ್ನದ ಸಾಲಿಗೆ ಬಾರದ ಮಕ್ಕಳೂ ಇದ್ದರು. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಇದನ್ನು ಮನೆಮನೆಗೆ ಹೋಗಿ ಏರ್ಪಾಡು ಮಾಡಿದವರು ಒಬ್ಬ ಪೋಷಕರು. ಅವರ ಮಗ ನನ್ನ ಏಳನೇ ತರಗತಿಯಲ್ಲಿದ್ದ.

ದೂರು ಬರೆಯಬೇಕೆಂದು ಮಾತಾಯಿತು. ಸ್ಟಾಫ್ ರೂಮಿನಲ್ಲಿ ಹಲವರಿಗೆ ಆ ಹೊತ್ತಿಗೆ ಸರಿಯಾಗಿ ಬೇರೆ ಕೆಲಸ ನೆನಪಾಯಿತು. ನನ್ನ ಸಹಿಯ ಮೇಲೆ ಇನ್ನೊಂದು ಸಹಿ ಇತ್ತು. ಅದು ಗಣಿತ ಹೇಳುತ್ತಿದ್ದ ಕ್ರೈಸ್ತ ಮೇಡಂ ಅವರದು. ಸಹಿ ಹಾಕಿದ್ದಷ್ಟೇ ಅಲ್ಲ, ಅವತ್ತಿನಿಂದ ದಿನಾ ತಮ್ಮ ತಟ್ಟೆ ಹಿಡಿದು ಮಕ್ಕಳ ಸಾಲಿನಲ್ಲಿ ಕೂತು ಉಂಡರು. ಒಂದು ಸಂಜೆ ಆ ಪೋಷಕರ ಮನೆಗೂ ಹೋಗಿ, ಜಗಲಿಯ ಮೇಲೆ ಕೂತು, "ನೀವು ಮಾಡ್ತಿರೋದು ತಪ್ಪು" ಎಂದು ಮುಖಕ್ಕೇ ಹೇಳಿ ಬಂದರು. ಅಧಿಕಾರಿಗಳು ಬಂದರು, ಸಭೆಯಾಯಿತು, ಬುದ್ಧಿಮಾತು, ಎಚ್ಚರಿಕೆ ಎಲ್ಲ ಆಯಿತು. ಅಡುಗೆಯವರು ಕೆಲಸದಲ್ಲೇ ಉಳಿದರು. ತಿಂಗಳುಗಳು ಕಳೆದ ಮೇಲೆ ಡಬ್ಬಿಗಳು ಒಂದೊಂದಾಗಿ ಕಡಿಮೆಯಾದವು.

ಹೊರಗಿನ ಕತೆ ಅಷ್ಟು. ಒಳಗಿನದನ್ನು ಈ ಬಳಗದಲ್ಲಿ ಮೊದಲ ಸಲ ಹೇಳುತ್ತಿದ್ದೇನೆ.

ಆ ಪೋಷಕರ ಮಗನನ್ನು ನಾನು ಬೈಯಲಿಲ್ಲ, ಹೊಡೆಯಲಿಲ್ಲ. ಅವನು ಕೈಯೆತ್ತಿದರೆ ನನ್ನ ಕಣ್ಣು ಪಕ್ಕದವನ ಮೇಲೆ ಹೋಗುತ್ತಿತ್ತು, ಅಷ್ಟೇ. ಪದ್ಯ ಓದಿಸುವಾಗ ಅವನ ಬೆಂಚು ಬಂದರೆ ಗಂಟೆ ನೋಡುತ್ತಿದ್ದೆ. ಕಿರುಪರೀಕ್ಷೆಯಲ್ಲಿ ಅವನ ಪ್ರಬಂಧಕ್ಕೆ 5ಕ್ಕೆ 4 ಕೊಡಬೇಕಿತ್ತು. ಎರಡೂವರೆ ಕೊಟ್ಟೆ. ಕೆಂಪು ಶಾಯಿಯಲ್ಲಿ ಹಾಕಿದ ಅಂಕವನ್ನು ಯಾರು ಪ್ರಶ್ನಿಸುತ್ತಾರೆ? ಅದೇ ವಾರ ಪಂಚಶೀಲ ಹೇಳಿ, ಧ್ಯಾನಕ್ಕೆ ಕೂತು, ಎಲ್ಲ ಜೀವಿಗಳಿಗೂ ಸುಖ ಬಯಸಿ ಎದ್ದಿದ್ದೆ.

ಮೇಡಂ ಒಂದು ದಿನ ಉತ್ತರಪತ್ರಿಕೆಗಳ ಕಟ್ಟು ಕಟ್ಟುತ್ತಾ, ತಲೆ ಎತ್ತದೆ ಹೇಳಿದರು: "ಸರ್, ಆ ಹುಡುಗ ನನ್ನ ಕ್ಲಾಸಲ್ಲಿ ಕೈ ಎತ್ತಾನೆ. ನಿಮ್ಮ ಕ್ಲಾಸಲ್ಲಿ ಎತ್ತೋದು ಬಿಟ್ಟಿದ್ದಾನಂತೆ."

"ಅವರಪ್ಪ ಏನು ಮಾಡಿದ ಅಂತ ನಿಮಗೇ ಗೊತ್ತಲ್ಲ ಮೇಡಂ."

"ಗೊತ್ತು ಸರ್. ಅವರ ಹೆಸರು ನನ್ನ ಪುಸ್ತಕದಲ್ಲಿದೆ."

ಅವರ ಬ್ಯಾಗಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇರುತ್ತಿತ್ತು. ರಾತ್ರಿ ಮಲಗುವ ಮುನ್ನ ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಹೆಸರುಗಳ ಪಟ್ಟಿ. ಕಾಯಿಲೆ ಬಿದ್ದ ಮಕ್ಕಳು, ಸಾಲದಲ್ಲಿದ್ದ ತಮ್ಮ, ಹೆರಿಗೆಗೆ ಹೋದ ಸಹೋದ್ಯೋಗಿ. ಅವರ ನಡುವೆ ಆ ಮನುಷ್ಯನ ಹೆಸರು. ಶತ್ರುವಿಗೂ ಪ್ರೀತಿ, ಹಿಂಸೆ ಕೊಡುವವರಿಗಾಗಿಯೂ ಪ್ರಾರ್ಥನೆ ಎಂಬುದು ಯೇಸುವಿನ ಪರ್ವತ ಪ್ರಸಂಗದ ಬೋಧನೆ ಎಂದು ನಾನು ಓದಿದ್ದೆ. ಯಾರಾದರೂ ಅದನ್ನು ಇಷ್ಟು ಅಕ್ಷರಶಃ ಮಾಡುತ್ತಾರೆಂದು ಅಂದುಕೊಂಡಿರಲಿಲ್ಲ.

ನನಗೆ ಸಿಟ್ಟು ಬಂತು. "ಅವಮಾನ ಉಂಡೋರು ನಾವು ಮೇಡಂ. ಕ್ಷಮಿಸೋಕೆ ನೀವ್ಯಾರು?" ಎಂದುಬಿಟ್ಟೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ನೀವು ಹೇಳೋದು ಸರಿ. ಕ್ಷಮಿಸೋ ಹಕ್ಕು ನನಗಿಲ್ಲ. ಅವರನ್ನ ಕ್ಷಮಿಸಪ್ಪಾ ಅಂತ ನಾನು ಕೇಳ್ಕೊಳ್ಳಲ್ಲ ಸರ್. ನಾಳೆ ಅವರು ಎದುರಿಗೆ ಸಿಕ್ಕಿದಾಗ ಸರಿಯಾದ್ದನ್ನೇ ಮಾತಾಡೋ ಹಾಗೆ ಮಾಡು, ನನ್ನೊಳಗೆ ವಿಷ ಇಲ್ಲದ ಹಾಗೆ ಮಾಡು ಅಂತ ಕೇಳ್ಕೋತೀನಿ. ದೂರಿಗೆ ಸಹಿ ಹಾಕಿದ ದಿನವೂ ಹಾಗೇ ಕೇಳ್ಕೊಂಡಿದ್ದೆ."

ಆ ಕ್ಷಣಕ್ಕೆ ಅದು ಮಾತಿನ ಜಾಣ್ಮೆ ಅನಿಸಿತು. ಮನೆಗೆ ಹೋದ ಮೇಲೆ ಲೆಕ್ಕ ಹಾಕಿದೆ. ಆ ಮನುಷ್ಯನ ವಿರುದ್ಧ ನಾನು ಮಾಡಿದ್ದೇನು? ಒಂದು ಸಹಿ, ಅದೂ ಎರಡನೆಯದು. ಅವರು ಮಾಡಿದ್ದು? ಮೊದಲ ಸಹಿ, ದಿನನಿತ್ಯದ ಊಟ, ಅವನ ಜಗಲಿಯ ಮೇಲೆ ಹೇಳಿದ ನೇರ ಮಾತು. ದ್ವೇಷ ಇಟ್ಟುಕೊಂಡಿದ್ದ ನಾನು ಅವನ ಮನೆಯ ಬೀದಿಗೂ ಹೋಗಿರಲಿಲ್ಲ. ನನ್ನ ದ್ವೇಷಕ್ಕೆ ಸಿಕ್ಕಿದ್ದು ಹನ್ನೆರಡು ವರ್ಷದ ಒಬ್ಬ ಹುಡುಗ. ನ್ಯಾಯಕ್ಕಾಗಿ ಉರಿಯುತ್ತಿದೆ ಎಂದು ನಾನು ನಂಬಿದ್ದ ಬೆಂಕಿಯಿಂದ ನ್ಯಾಯದ ಒಂದು ಕೆಲಸವೂ ಆಗಿರಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಪೆಟ್ಟು ತಿಂದವರಿಗೆ "ಕ್ಷಮಿಸಿ" ಎಂದು ಹೊರಗಿನವರು ಉಪದೇಶಿಸುವುದು ತಪ್ಪು. ಆ ಅಡುಗೆಯವರು ಅವನನ್ನು ಕ್ಷಮಿಸಲಿಲ್ಲ. "ಆ ಮನೆ ಮುಂದೆ ನಾನು ಇವತ್ತಿಗೂ ಹಾಯಲ್ಲ ಮೇಷ್ಟ್ರೇ" ಎಂದು ಒಮ್ಮೆ ನನಗೇ ಹೇಳಿದರು. ಅದು ಅವರ ಹಕ್ಕು. ಮೇಡಂ ಕೂಡ ಅವರಿಗೆ ಕ್ಷಮೆಯ ಪಾಠ ಹೇಳಲಿಲ್ಲ. ಅವರ ಕೈಯ ಅನ್ನ ಉಂಡರು.

ಪೆಟ್ಟು ತಿಂದವರೇ ಕ್ಷಮಿಸಿದ ಉದಾಹರಣೆಯೂ ನಮ್ಮ ಕಾಲದಲ್ಲೇ ಇದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ವಾಹನದೊಳಗೆ ಮಲಗಿದ್ದ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನೂ ಗುಂಪೊಂದು ಸುಟ್ಟು ಕೊಂದಿತು. ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್, ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಆ ಹೇಳಿಕೆ ಪತ್ರಿಕೆಗಳಲ್ಲಿ ಬಂತು, ನಮಗೆ ನೆನಪಿರುವುದೂ ಅಷ್ಟೇ. ಅದರ ನಂತರದ್ದು ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. ಅವರು ಉಳಿದ ಮಗಳನ್ನು ಕರೆದುಕೊಂಡು ಆಸ್ಟ್ರೇಲಿಯಾಕ್ಕೆ ತಕ್ಷಣ ಹೊರಟುಹೋಗಲಿಲ್ಲ. 2004ರವರೆಗೆ ಬಾರಿಪದಾದಲ್ಲೇ ಉಳಿದು ಗಂಡ ನಡೆಸುತ್ತಿದ್ದ ಕುಷ್ಠರೋಗಿಗಳ ಆಶ್ರಯಧಾಮದ ಕೆಲಸ ಮುಂದುವರಿಸಿದರು. ಇನ್ನೊಂದೆಡೆ ಕಾನೂನು ತನ್ನ ದಾರಿಯಲ್ಲಿ ನಡೆಯಿತು. 2003ರಲ್ಲಿ ಮುಖ್ಯ ಅಪರಾಧಿಗೆ ಮರಣದಂಡನೆಯಾಯಿತು. 2005ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟು ಜೀವಾವಧಿಯನ್ನು ಎತ್ತಿಹಿಡಿಯಿತು. ಆಕೆಯ ಕ್ಷಮೆ ವಿಚಾರಣೆಯನ್ನು ನಿಲ್ಲಿಸಲಿಲ್ಲ, ವಿಚಾರಣೆ ಆಕೆಯ ಕ್ಷಮೆಯನ್ನು ಸುಳ್ಳು ಮಾಡಲಿಲ್ಲ. ಕ್ಷಮೆ ಆಕೆಯ ಮನಸ್ಸಿನ ಕೆಲಸ, ಶಿಕ್ಷೆ ಸಮಾಜದ ಕೆಲಸ. ಇವೆರಡನ್ನೂ ಒಂದೇ ಚೀಲಕ್ಕೆ ಹಾಕುವುದರಿಂದಲೇ ನಮ್ಮ ಭಾನುವಾರದ ಪ್ರಶ್ನೆ ಹುಟ್ಟುತ್ತದೆ.

ಹಾಗಂತ ಕ್ರೈಸ್ತರೆಲ್ಲ ಹೀಗೆ ಬದುಕುತ್ತಾರೆ ಎಂದು ನಾನು ಹೇಳುತ್ತಿಲ್ಲ. ಮತಾಂತರದ ನಂತರವೂ ಜಾತಿ ಚರ್ಚಿನೊಳಗೆ ಉಳಿದದ್ದನ್ನು ಬಾಬಾಸಾಹೇಬರು ಕಟುವಾಗಿಯೇ ಬರೆದಿದ್ದಾರೆ. ಈ ಮಾತು ಎತ್ತಿದಾಗ ಮೇಡಂ ಜಗಳಕ್ಕೆ ಬರಲಿಲ್ಲ. "ಹೌದು ಸರ್. ನಮ್ಮ ಅಜ್ಜಿ ಕಾಲದಲ್ಲಿ ಚರ್ಚಲ್ಲಿ ಯಾರು ಎಲ್ಲಿ ಕೂರಬೇಕು ಅಂತ ಇತ್ತು. ಮದುವೆ ಮಾತು ಬಂದ್ರೆ ಈಗಲೂ ಇದೆ" ಎಂದರು. ಬಾಬಾಸಾಹೇಬರು ಅಲ್ಲಿ ಹಿಡಿದ ಅಳತೆಗೋಲು ಒಂದೇ: ಧರ್ಮ ಪ್ರಾರ್ಥನೆಯ ಹೊತ್ತಿನಲ್ಲಿ ಅಲ್ಲ, ಪಕ್ಕದವನ ಜೊತೆ ನಡೆದುಕೊಳ್ಳುವುದರಲ್ಲಿ ಕಾಣಬೇಕು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಜನಸ್ತೋಮಕ್ಕೆ 22 ಪ್ರತಿಜ್ಞೆಗಳನ್ನು ಬೋಧಿಸಿದಾಗ ಅವರು ಅದೇ ಕೋಲನ್ನು ನಮ್ಮ ಕೈಗೂ ಕೊಟ್ಟರು. 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಮೈತ್ರಿಯನ್ನು ಕರುಣೆಗಿಂತ ಮುಂದಿನ ಹೆಜ್ಜೆಯಾಗಿ ಇಟ್ಟವರೂ ಅವರೇ. ಜೀವನವಿಡೀ ಹೋರಾಡಿದ ಮನುಷ್ಯ ಮೈತ್ರಿಯನ್ನು ಹೋರಾಟದ ಅಡ್ಡಿ ಎಂದುಕೊಂಡಿರಲಿಲ್ಲ.

ಎಲ್ಲ ಧರ್ಮಗಳೂ ಒಂದೇ ಎಂದು ಇಲ್ಲಿಗೆ ಮುಗಿಸುವುದು ಸುಲಭ. ಆದರೆ ಒಂದೇ ಅಲ್ಲ. ಮೇಡಂ ಪ್ರೀತಿಸಲು ಯತ್ನಿಸುವುದು, ದೇವರು ತಮ್ಮನ್ನು ಮೊದಲು ಪ್ರೀತಿಸಿದ, ಕ್ಷಮಿಸಿದ ಎಂಬ ನಂಬಿಕೆಯಿಂದ. ನಮಗೆ ಅಂಥ ಆಸರೆ ಇಲ್ಲ. ದ್ವೇಷ ಕಾರಣಗಳಿಂದ ಹುಟ್ಟುತ್ತದೆ, ನೋಡಿದರೆ ಕರಗುತ್ತದೆ ಎಂಬ ಅರಿವಷ್ಟೇ ನಮ್ಮ ಆಸರೆ. ದಾರಿ ಬೇರೆ. ಆದರೆ ದಾರಿಯಲ್ಲಿ ಅವರು ನನಗಿಂತ ಮುಂದಿದ್ದರು, ಅದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ವ್ಯತ್ಯಾಸ ಎಲ್ಲಿತ್ತು? ನಾನು "ಎಲ್ಲ ಜೀವಿಗಳು" ಎನ್ನುತ್ತಿದ್ದೆ. ಆ "ಎಲ್ಲ"ಕ್ಕೆ ಮುಖವೇ ಇರಲಿಲ್ಲ, ಹಾಗಾಗಿ ಅದು ನನ್ನನ್ನು ಏನೂ ಕೇಳುತ್ತಿರಲಿಲ್ಲ. ಅವರು ಒಂದು ಹೆಸರು ಬರೆದುಕೊಂಡಿದ್ದರು. ಹೆಸರು ಮರುದಿನ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಸ್ಕೂಟರಿನಿಂದ ಇಳಿಯುತ್ತದೆ. ವಿಸುದ್ಧಿಮಗ್ಗ ಮೆತ್ತಾ ಭಾವನೆಗೆ ಹೇಳುವ ಕ್ರಮ ನಮ್ಮಲ್ಲಿ ಹಲವರಿಗೆ ಗೊತ್ತು: ಮೊದಲು ತಾನು, ಆಮೇಲೆ ಪ್ರೀತಿಪಾತ್ರರು, ಆಮೇಲೆ ಪ್ರಿಯರೂ ಅಲ್ಲದ ವೈರಿಯೂ ಅಲ್ಲದ ಒಬ್ಬರು, ಕೊನೆಗೆ ವೈರಿ. ನಾನು ಮೂರನೇ ಮೆಟ್ಟಿಲಿನಿಂದ ನೇರ "ಎಲ್ಲ"ಕ್ಕೆ ಹಾರುತ್ತಿದ್ದೆ. ಬುದ್ಧಘೋಷರು ಬರೆದಿಟ್ಟಿದ್ದ ನಾಲ್ಕನೆಯದನ್ನು ಒಬ್ಬ ಕ್ರೈಸ್ತ ಮೇಡಂ ನನಗೆ ತೋರಿಸಬೇಕಾಯಿತು.

ಮಾರನೇ ದಿನ ಆ ಹುಡುಗನ ಪತ್ರಿಕೆ ಮತ್ತೆ ಓದಿದೆ. ಎರಡೂವರೆ ಹೊಡೆದು 4 ಮಾಡಿದೆ. ಅವನನ್ನು ಕರೆದು ಹೇಳಿದ್ದು ಮಾತ್ರ, "ಕೂಡೋದ್ರಲ್ಲಿ ತಪ್ಪಾಗಿತ್ತು ಕಣೋ" ಎಂದು. ಅದು ಸುಳ್ಳು. ಅಂಕ ತಿದ್ದುವಾಗ ನಾಲ್ಕನೇ ಶೀಲ ಮುರಿದೆ. ನಿನ್ನ ಮೇಲೆ ಸಿಟ್ಟಿರಲಿಲ್ಲ, ಆದರೂ ನಿನಗೆ ಶಿಕ್ಷೆ ಕೊಟ್ಟೆ ಎಂದು ಹೇಳುವ ಧೈರ್ಯ ಆಗ ಬರಲಿಲ್ಲ. ಅವನು ಶಾಲೆ ಬಿಟ್ಟು ಹೋದ ಮೇಲೆ ಆ ಅವಕಾಶವೂ ಹೋಯಿತು. ಪಾಠದಲ್ಲಿ ಅವನನ್ನು ಪ್ರಶ್ನೆ ಕೇಳತೊಡಗಿದೆ. ಮೊದಲು ಸುಮ್ಮನೆ ಎದ್ದು ನಿಲ್ಲುತ್ತಿದ್ದ. ತಾನಾಗಿ ಕೈಯೆತ್ತಲು ದಸರಾ ರಜೆ ಕಳೆಯಬೇಕಾಯಿತು. ಅಷ್ಟರಲ್ಲಿ ಅವನು ಡಬ್ಬಿ ತರುವುದನ್ನೂ ಬಿಟ್ಟಿದ್ದ. ಇದು ನನ್ನಿಂದಾಯಿತು ಎಂದು ನಾನು ಹೇಳಲಾರೆ. ದಿನಾ ಸಾಲಿನಲ್ಲಿ ಕೂತು ಉಂಡವರು ನಾನಲ್ಲ, ಮೇಡಂ.

ಭಾನುವಾರ ಕೇಳಿದ ಸ್ನೇಹಿತರಿಗೆ ನನ್ನ ಉತ್ತರ ಇಷ್ಟು: ಮೈತ್ರಿ ಅಂದರೆ ದೂರು ಹಿಂದಕ್ಕೆ ಪಡೆಯುವುದಲ್ಲ. ಸಹಿ ಹಾಕುವ ಕೈ ನಡುಗದಂತೆ, ಅಂಕ ಹಾಕುವ ಕೈ ವಾಲದಂತೆ ಮನಸ್ಸನ್ನು ಕಾಯುವುದು.

ಇಂದಿನ ಅಭ್ಯಾಸ: ರಾತ್ರಿ ಮಲಗುವ ಮುನ್ನ ಒಂದು ಚೀಟಿಯಲ್ಲಿ ಒಂದೇ ಒಂದು ಹೆಸರು ಬರೆಯಿರಿ. ನೆನೆದರೆ ಹುಬ್ಬು ಗಂಟಿಕ್ಕುವ ಹೆಸರು. ಅವರು ನಿಮಗೆ ಮಾಡಿದ ಅನ್ಯಾಯವನ್ನು ಮರೆಯಬೇಕಾಗಿಲ್ಲ. ಆ ಸಿಟ್ಟು ಅವರನ್ನು ಬಿಟ್ಟು ಬೇರೆ ಯಾರ ಮೇಲೆ ಬೀಳುತ್ತಿದೆ ಎಂದು ಮಾತ್ರ ನೋಡಿ. ಮನೆಯವರ ಮೇಲೋ, ಕೈಕೆಳಗಿನವರ ಮೇಲೋ, ಯಾವುದೋ ಮಗುವಿನ ಮೇಲೋ? ಕಂಡದ್ದನ್ನು ಮುಂದಿನ ಭಾನುವಾರ ಹಂಚಿಕೊಳ್ಳಬಹುದು, ಹಂಚಿಕೊಳ್ಳದೆಯೂ ಇರಬಹುದು.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.